ಹಂಚಿನ ಮಾಡಿಗೆ ಒಳಗಡೆಯಿಂದ ಇನ್ಸುಲೇಷನ್: ಗಾಳಿ ಎಲ್ಲಿ ತಡೀಬೇಕು, ಎಲ್ಲಿ ಬಿಡಬೇಕು

(ಶಿರಸಿಯಲ್ಲಿ ಮನೆ ರಿಪೇರಿ ಮಾಡಿಸೋರು, ಬಡಗಿಗಳು, ಮೇಸ್ತ್ರಿಗಳು ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದ್ದೇನೆ. ಮಧ್ಯೆ ಜನ ಕೇಳಿದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರ್ತೇನೆ. ಈಗ ನಮ್ಮ ಜಿಲ್ಲೆಯಲ್ಲಿ ಹಂಚಿನ ಮನೆ ಇದ್ದವರು ಕೇಳೋದು ಒಂದೇ, ಮೆತ್ತಿ (ಮಹಡಿ) ಮೇಲಿನ ರೂಮು ಮಾರ್ಚ್ ಬಂತು ಅಂದ್ರೆ ಮಧ್ಯಾಹ್ನ ಕೂರ್ಲಿಕ್ಕೆ ಆಗೂದಿಲ್ಲ, ಎಸಿ ಹಾಕ್ಸಿದ್ರೂ ತಂಪಾಗೂದಿಲ್ಲ, ಹಂಚು ಇಳಿಸದೇ ಒಳಗಡೆಯಿಂದ ಇನ್ಸುಲೇಷನ್, ಅಂದ್ರೆ ಶಾಖ ತಡೆಯೋ ಪದರ, ಏನಾದ್ರೂ ಹೊಡೀಬಹುದಾ ಅಂತ. ಹೊಡೀಬಹುದು. ಆದ್ರೆ ಅದನ್ನ ಹೇಗೆ ಮಾಡೋದು ಅಂತ ಮೊಬೈಲಲ್ಲಿ ನೋಡಿದ್ರೆ ಸಿಗೋದೆಲ್ಲ ಇಂಗ್ಲೆಂಡು, ಜರ್ಮನಿ, ಕೆನಡಾದ ವಿಡಿಯೋ, ಅಲ್ಲಿಯವರು ಪಕಾಸಿನ (ಮಾಡು ಹೊರೋ ಇಳಿಜಾರು ಮರದ) ಮಧ್ಯೆ ಶಾಖ ತಡೆಯೋ ಉಣ್ಣೆ ತುಂಬಿ ರೂಮಿನ ಕಡೆಯಿಂದ ಪ್ಲಾಸ್ಟಿಕ್ ಶೀಟ್ ಹೊಡೆದು ಟೇಪ್ ಹಚ್ಚೋದನ್ನ ತೋರಿಸ್ತಾರೆ, ಅಲ್ಲಿಗೆ ಅದು ನೂರಕ್ಕೆ ನೂರು ಸರಿ, ಅದನ್ನೇ ತಂದು ಕಾರವಾರದಲ್ಲೋ ಅಂಕೋಲಾದಲ್ಲೋ ಎಸಿ ರೂಮಿಗೆ ಮಾಡಿದ್ರೆ ಮೂರ್ನಾಲ್ಕು ಮಳೆಗಾಲದಲ್ಲಿ ಪಕಾಸು ಕೊಳೆತು ಕುಂಬಾಗ್ತದೆ. ನಾನು ಇವತ್ತು ಹೇಳ್ಬೇಕು ಅಂತ ಬಂದದ್ದು ಇದೊಂದೇ: ನಮ್ಮ ಕಡೆ ಗಾಳಿ ತಡೆಯೋ ಪದರ ಮರದ ಕೆಳಗೆ ಬರ್ಬೇಕು, ಮರ ಪೂರ್ತಿ ಹೊರಗಿನ ಗಾಳಿಯಲ್ಲೇ ಉಳೀಬೇಕು. ಉಳಿದದ್ದೆಲ್ಲ ಇದರ ಹಿಂದೆ ಬರ್ತದೆ.

ಮೊದಲು ಹಳೆ ಮನೆ ಹೇಗೆ ನಿಂತಿತ್ತು ಅಂತ ನೋಡಿ. ಮಂಗಳೂರು ಹಂಚು ಬಂದದ್ದು 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ್ಮೇಲೆ, ಒಂದು ಹಂಚು ಇನ್ನೊಂದನ್ನ ಕಚ್ಚಿಕೊಂಡು ರೀಪಿನ (ಪಕಾಸಿಗೆ ಅಡ್ಡ ಹೊಡೆದ ಮರದ ಪಟ್ಟಿಯ) ಮೇಲೆ ಕೂರ್ತದೆ, ಸಿಮೆಂಟು ಗಿಮೆಂಟು ಏನಿಲ್ಲ. ನೀರು ಕೆಳಗೆ ಜಾರ್ತದೆ, ಆದ್ರೆ ಗಾಳಿ ಸಂದಿಯಲ್ಲೆಲ್ಲ ಓಡಾಡ್ತದೆ. ಅಡುಗೆಮನೆ ಒಲೆ ಹೊಗೆ, ಬಚ್ಚಲು ಒಲೆ ಹೊಗೆ ಎಲ್ಲ ಮೇಲೇರಿ ಅದೇ ಸಂದಿಯಲ್ಲಿ ಹೊರಗೆ ಹೋಗ್ತಿತ್ತು, ಹೋಗೋವಾಗ ಪಕಾಸು, ರೀಪು ಎಲ್ಲ ಒಣಗಿಸ್ತಿತ್ತು, ಒರಲೆ (ಗೆದ್ದಲು) ಹತ್ತಿರ ಬರ್ತಿರ್ಲಿಲ್ಲ. ಹಳೆ ಅಡುಗೆಮನೆ ಪಕಾಸು ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ ಹೊಳೀತಿರ್ತದಲ್ಲ, ಮತ್ತಿ ಮರ, ಹೊನ್ನೆ ಮರ ಎರಡು ಮೂರು ತಲೆಮಾರು ಬಂದದ್ದಕ್ಕೆ ಆ ಹೊಗೆಯ ಪಾಲೂ ಇದೆ. ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ, ಅಂಥಾ ಕಡೆ ಮರ ಉಳಿಯೋದು ಒದ್ದೆ ಆಗದೇ ಅಲ್ಲ, ಒದ್ದೆ ಆದದ್ದು ಮತ್ತೆ ಒಣಗ್ಲಿಕ್ಕೆ ದಾರಿ ಇದ್ದದ್ದಕ್ಕೆ. ಈಗ ಗ್ಯಾಸ್ ಬಂತು, ಹೊಗೆ ಹೋಯ್ತು, ಹೆಂಗಸರ ಕಣ್ಣು ಶ್ವಾಸಕೋಶ ಉಳೀತು, ಅದು ಒಳ್ಳೇದೇ. ಆದ್ರೆ ಮರ ಒಣಗಿಸೋ ಕೆಲಸಕ್ಕೆ ಈಗ ಉಳಿದಿರೋದು ಗಾಳಿ ಮಾತ್ರ, ಅದನ್ನೂ ಮುಚ್ಚಿದ್ರೆ ಮರಕ್ಕೆ ಬೇರೆ ದಾರಿಯೇ ಇಲ್ಲ.

ಇನ್ನು ಸೆಕೆ ವಿಷಯ. ಮಾಡಿನಿಂದ ಸೆಕೆ ಕೆಳಗೆ ಬರೋದು ಬಿಸಿ ಗಾಳಿಯಿಂದ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಬಿಸಿ ಗಾಳಿ ಹಗುರ, ಅದು ಮೇಲೇ ಇರ್ತದೆ. ಬಿಸಿಯಾದ ಹಂಚು ಅಥವಾ ತಗಡು ತನ್ನ ಕೆಳಗಿರೋದಕ್ಕೆಲ್ಲ ಶಾಖ ಬೀರ್ತದೆ, ರೇಡಿಯೇಷನ್ ಅಂತ ಹೇಳ್ತೇವಲ್ಲ ಅದು. ಏಪ್ರಿಲ್ ಬಿಸಿಲಲ್ಲಿ ಬಣ್ಣದ ತಗಡು 60 ಡಿಗ್ರಿ ದಾಟ್ತದೆ, ಅದರ ಅಡಿ ನಿಂತ್ರೆ ಮೊದಲು ಸುಡೋದು ನೆತ್ತಿ. ಈ ಶಾಖ ತಡೀಲಿಕ್ಕೆ ದಪ್ಪ ಬೇಡ, ಹೊಳೆಯೋ ಅಲ್ಯುಮಿನಿಯಂ ಫಾಯಿಲ್ ಸಾಕು, ಬಿದ್ದ ಶಾಖದಲ್ಲಿ ಬಹುಪಾಲು ವಾಪಸ್ ಕಳಿಸ್ತದೆ. ಆದ್ರೆ ಫಾಯಿಲ್ ಮುಂದೆ ಖಾಲಿ ಜಾಗ ಇರ್ಲೇಬೇಕು, ಒಂದು ಇಂಚಾದ್ರೂ. ತಗಡಿಗೆ ಅಂಟಿಸಿ ಬಿಟ್ರೆ, ಹಲಗೆ ಮಧ್ಯೆ ಒತ್ತಿ ಬಿಟ್ರೆ ಶಾಖ ಮುಟ್ಟಿದ ಜಾಗದಿಂದ ನೇರ ದಾಟ್ತದೆ, ಫಾಯಿಲ್ ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ. ಇನ್ನೊಂದು, ಹೊಳಪಿನ ಮುಖ ಮೇಲಕ್ಕಿದ್ರೆ ಧೂಳು ಕೂತು ವರ್ಷ ಕಳೆದ ಹಾಗೆ ಮಂಕಾಗ್ತದೆ, ಕೆಳಮುಖ ಆದ್ರೆ ಚೊಕ್ಕ ಉಳೀತದೆ. ಹಾಗಾಗಿ ಎರಡೂ ಕಡೆ ಹೊಳಪಿರೋದನ್ನೇ ತಗೊಳ್ಳಿ.

ಇಲ್ಲಿಂದ ದಾರಿ ಎರಡಾಗ್ತದೆ. ರೂಮಿಗೆ ಎಸಿ ಇಲ್ಲ, ಹಾಕೋ ವಿಚಾರವೂ ಇಲ್ಲ ಅಂದ್ರೆ ದಯವಿಟ್ಟು ಏರ್‌ಟೈಟ್ ಮಾಡ್ಲಿಕ್ಕೆ ಹೋಗ್ಬೇಡಿ. ಪಕಾಸಿನ ಅಡಿಗೆ ಫಾಯಿಲ್ ಹೊಡೀರಿ, ಸೂರಿನ ಹತ್ತಿರ ನಾಲ್ಕು ಬೆರಳು ಬಿಡಿ, ಮಾಡಿನ ಮೇಲಿನ ತುದಿಯಲ್ಲಿ ನಾಲ್ಕು ಬೆರಳು ಬಿಡಿ, ಬಿಸಿ ಗಾಳಿ ಫಾಯಿಲ್ ಮತ್ತೆ ಹಂಚಿನ ನಡುವೆ ಏರಿ ತಾನಾಗೇ ಹೊರಗೆ ಹೋಗ್ತದೆ, ಅಂದ ಬೇಕು ಅಂದ್ರೆ ಅದರ ಕೆಳಗೆ ಒಂದಿಂಚು ಪಟ್ಟಿ ಕೊಟ್ಟು ಹಲಗೆಯೋ ಬಿದಿರು ಚಾಪೆಯೋ ಹೊಡೀರಿ. ಎಸಿ ಇಲ್ಲದ ರೂಮಿಗೆ ಇದು ಸಾಕು. ಒಂದು ಫ್ಯಾನು, ಎದುರುಬದುರು ಕಿಟಕಿ. ಇದರ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ.

ಎಸಿ ಬಂತು ಅಂದ್ರೆ ಕತೆಯೇ ಬೇರೆ. ಚಳಿ ದೇಶದಲ್ಲಿ ಮನೆ ಒಳಗೆ ಬೆಚ್ಚಗೆ, ಅಡುಗೆ ಸ್ನಾನ ಉಸಿರು ಅಂತ ಒಳಗಿನ ಗಾಳಿಯಲ್ಲೇ ತೇವ ಜಾಸ್ತಿ, ಹೊರಗೆ ಹಿಮ. ಒಳಗಿನ ಗಾಳಿ ಸಂದಿಯಲ್ಲಿ ಮೇಲೆ ಹೋಗಿ ತಣ್ಣಗಿನ ಮಾಡಿಗೆ ತಾಗಿ ನೀರಾಗ್ತದೆ, ಅದಕ್ಕೆ ಅವರು ಬೆಚ್ಚಗಿನ ಕಡೆ, ಅಂದ್ರೆ ರೂಮಿನ ಕಡೆ, ತೇವ ತಡೆಯೋ ಶೀಟ್ ಹಾಕ್ತಾರೆ. ನಮ್ಮಲ್ಲಿ ಬೆಚ್ಚಗಿನ, ತೇವದ ಕಡೆ ಯಾವ್ದು? ಹೊರಗಡೆ. ಜುಲೈ ತಿಂಗಳಲ್ಲಿ ಹೊರಗೆ 28 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡಾ 90 ಅಂತ ಇಟ್ಕೊಳ್ಳಿ, ಆ ಗಾಳಿ 26 ಡಿಗ್ರಿ ಇರೋ ಯಾವ ವಸ್ತುವಿಗೆ ತಾಗಿದ್ರೂ ನೀರು ಬಿಡ್ತದೆ. ಮೇ ಕೊನೆಯಲ್ಲಿ ಮೋಡ ಕಟ್ಟಿದಾಗ 30 ಡಿಗ್ರಿ, ಶೇಕಡಾ 85 ಇದ್ರೆ 27 ಡಿಗ್ರಿಗೇ ನೀರು. ನೀವು ಎಸಿ ಇಟ್ಟಿರೋದು 24ಕ್ಕೆ. ಫ್ರಿಜ್ಜಿಂದ ತೆಗೆದಿಟ್ಟ ಬಾಟ್ಲಿ ಬೆವರ್ತದಲ್ಲ, ನಿಮ್ಮ ಸೀಲಿಂಗ್ ಅದೇ ಬಾಟ್ಲಿ, ಬೆವರೋದು ಮಾತ್ರ ನಿಮಗೆ ಕಾಣದ ಮೇಲ್ಗಡೆ. ಅಲ್ಲಿಯವರ ಹಾಗೆ ರೂಮಿನ ಕಡೆ ಪ್ಲಾಸ್ಟಿಕ್ ಹೊಡೆದು ಮೇಲೆ ಉಣ್ಣೆ ತುಂಬಿದ್ರೆ ಹೊರಗಿನ ತೇವದ ಗಾಳಿ ಹಂಚಿನ ಸಂದಿಯಿಂದ ಇಳಿದು ಉಣ್ಣೆ ದಾಟಿ ತಣ್ಣಗಿನ ಪ್ಲಾಸ್ಟಿಕ್ಕಿನ ಬೆನ್ನಿಗೆ ಬಂದು ನೀರಾಗಿ ಅಲ್ಲೇ ನಿಲ್ತದೆ, ಕೆಳಗೆ ಬರ್ಲಿಕ್ಕೆ ದಾರಿ ಇಲ್ಲ, ಉಣ್ಣೆ ಕುಡೀತದೆ, ಅದಕ್ಕೆ ತಾಗಿರೋ ಪಕಾಸಿನ ಅಡಿಭಾಗ ಕುಡೀತದೆ.

ಕಾರವಾರದಲ್ಲಿ ನಾನು ನೋಡಿದ ಒಂದು ರೂಮು ಹೇಳ್ತೇನೆ. ಒಳ್ಳೆ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆ, ಹಂಚು ಒಂದೂ ಒಡೆದಿಲ್ಲ, ಆದ್ರೆ ಮಲಗೋ ರೂಮಿನ ಪಿವಿಸಿ ಸೀಲಿಂಗಿನ ಬಟನ್ ಲೈಟಿನ ಸುತ್ತ ಆಷಾಢದಲ್ಲಿ ಹನಿ. ಮನೆಯವರು ಹಂಚು ಸೋರ್ತದೆ ಅಂತ ಎರಡು ಸಲ ಜನ ಹತ್ತಿಸಿ ಹಂಚು ಸರಿ ಮಾಡ್ಸಿದ್ದಾರೆ. ಮಳೆ ಇಲ್ಲದ ರಾತ್ರಿಯೂ ಹನಿ ಬೀಳ್ತದೆ ಅಂದಾಗಲೇ ಗೊತ್ತಾಯ್ತು ಇದು ಮಳೆ ನೀರಲ್ಲ. ಲೈಟ್ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ರೆ ಸೀಲಿಂಗಿನ ಮೇಲ್ಮುಖ ಪೂರ್ತಿ ನೀರಿನ ಹನಿ, ಅದನ್ನ ಹಿಡಿದಿರೋ ಕಬ್ಬಿಣದ ಚಾನೆಲ್ ಮೇಲೆ ಸಾಲು ಸಾಲು ದೊಡ್ಡ ಹನಿ, ಸ್ಕ್ರೂ ಇದ್ದಲ್ಲೆಲ್ಲ ತುಕ್ಕಿನ ಗೆರೆ, ಎಸಿ ಗಾಳಿ ನೇರ ತಾಗೋ ಕಡೆ ಪಟ್ಟಿಯ ಮರ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ. ಆ ನೀರೆಲ್ಲ ಲೈಟಿನ ತೂತು ಹುಡ್ಕೊಂಡು ಕೆಳಗೆ ಬರ್ತಿತ್ತು, ಅದಕ್ಕೇ ಲೈಟಿನ ಸುತ್ತ ಮಾತ್ರ ಕಂಡದ್ದು. ಹಂಚು ಮುಟ್ಟೋ ಅಗತ್ಯವೇ ಇರ್ಲಿಲ್ಲ.

ತೇವ ಬಿಡಿ, ಕರೆಂಟ್ ಬಿಲ್ಲಿಗೂ ಇದೇ ಲೆಕ್ಕ. ಹತ್ತಕ್ಕೆ ಹನ್ನೆರಡು ಅಡಿ ರೂಮು, ಹತ್ತಡಿ ಎತ್ತರ ಅಂದ್ರೆ ಸುಮಾರು 34 ಘನ ಮೀಟರ್ ಗಾಳಿ. 30 ಡಿಗ್ರಿ, ಶೇಕಡಾ 85 ತೇವದ ಹೊರಗಿನ ಗಾಳಿಯ ಒಂದು ಘನ ಮೀಟರಲ್ಲಿ 26 ಗ್ರಾಂ ಹತ್ತಿರ ನೀರಿದೆ, ಎಸಿ ರೂಮಿನ 25 ಡಿಗ್ರಿ, ಶೇಕಡಾ 55ರ ಗಾಳಿಯಲ್ಲಿ 13 ಗ್ರಾಂ ಹತ್ತಿರ. ಗಂಟೆಗೆ ಒಂದೇ ಸಲ ರೂಮಿನ ಗಾಳಿ ಸಂದಿಯಿಂದ ಬದಲಾದ್ರೂ ಗಂಟೆಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ನೀರು ಒಳಗೆ ಬಂತು, ಅದನ್ನ ಹಿಂಡಿ ತೆಗೀಬೇಕಾದ್ದು ಎಸಿ, ಒಂದು ಲೀಟರ್ ನೀರು ತೆಗೀಲಿಕ್ಕೆ ಸುಮಾರು 0.7 ಯೂನಿಟ್‌ನಷ್ಟು ಶಾಖ ಹೊರಗೆ ಹಾಕ್ಬೇಕು. ತೆರೆದ ಹಂಚಿನ ಮಾಡಿನ ಕೆಳಗೆ ಗಾಳಿ ಗಂಟೆಗೆ ಒಂದು ಸಲ ಅಲ್ಲ, ಎಷ್ಟೋ ಸಲ ಬದಲಾಗ್ತದೆ. ಹಾಗಾಗಿ ಇನ್ಸುಲೇಷನ್ ದಪ್ಪ ಎರಡಿಂಚು ಬೇಕಾ ಮೂರಿಂಚು ಬೇಕಾ ಅಂತ ತಲೆ ಕೆಡಿಸ್ಕೊಳ್ಳೋಕಿಂತ ಮೊದಲು ಸಂದಿ ಮುಚ್ಚಿ.

ಈಗ ಮಾಡೋದು ಹೇಗೆ. ನನಗೆ ನಮ್ಮ ಕಡೆಗೆ ಎಲ್ಲಕ್ಕಿಂತ ನಂಬಿಕೆ ಇರೋ ವಿಧಾನ ಇದು, ಪಕಾಸಿನ ಮಧ್ಯೆ ಏನನ್ನೂ ತುಂಬ್ಬೇಡಿ. ಎರಡೂ ಕಡೆ ಫಾಯಿಲ್ ಇರೋ ಗಟ್ಟಿ ಫೋಮ್ ಬೋರ್ಡ್ ಸಿಗ್ತದೆ, ಪಫ್ (ಪಾಲಿಯುರೆಥೇನ್ ಫೋಮ್) ಜಾತಿಯದ್ದು, ಅದನ್ನ ಪಕಾಸಿನ ಅಡಿಗೆ, ಮಾಡಿನ ಇಳಿಜಾರಿಗೇ ಸರಿಯಾಗಿ ಹೊಡೀರಿ. ಪಕಾಸಿನ ಪೂರ್ತಿ ಎತ್ತರ, ನಾಲ್ಕಿಂಚೋ ಐದಿಂಚೋ, ಗಾಳಿ ಓಡಾಡೋ ಜಾಗ ಆಗಿ ಉಳೀತದೆ, ಸೂರಿನಿಂದ ಗಾಳಿ ಒಳಗೆ, ತುದಿಯಿಂದ ಹೊರಗೆ. ಮರ ಮೊದಲಿದ್ದ ಗಾಳಿಯಲ್ಲೇ ಇರ್ತದೆ. ಫಾಯಿಲ್ ಮೂಲಕ ತೇವ ದಾಟೂದಿಲ್ಲ, ಮತ್ತೆ ಬೋರ್ಡಿನ ಮೇಲ್ಮುಖ ಹೊರಗಿನಷ್ಟೇ ಬೆಚ್ಚಗೆ ಇರೋದ್ರಿಂದ ಅಲ್ಲಿ ನೀರು ಕಟ್ಟೂದಿಲ್ಲ. ಇಳಿಜಾರಿಗೇ ಯಾಕೆ, ನೆಟ್ಟಗೆ ಅಡ್ಡ ಹೊಡೆದ್ರೆ ಆಗೂದಿಲ್ವಾ ಅಂದ್ರೆ, ಶಿರಸಿ ಸಿದ್ದಾಪುರದ ಕಡೆ ಮಂಗ ಕುಣಿದು ಹಂಚು ಒಡೆಯೋದು ತಪ್ಪೂದಿಲ್ಲ, ಒಡೆದ ಹಂಚಿನ ನೀರು ಬೋರ್ಡಿನ ಮೇಲೆ ಬಿದ್ರೆ ಜಾರಿ ಸೂರಿಗೆ ಹೋಗ್ಬೇಕು, ಅಡ್ಡ ಹೊಡೆದ್ರೆ ಅಲ್ಲೇ ನಿಲ್ತದೆ. ಜೋಡಣೆಗೆಲ್ಲ ಅಲ್ಯುಮಿನಿಯಂ ಟೇಪ್, ಒರೆಸಿ ಒಣಗಿಸಿ ಹಚ್ಚಿ ಬೆರಳಿಂದ ಗಟ್ಟಿ ಉಜ್ಜಬೇಕು. ಸ್ಕ್ರೂ ತಲೆಗೂ ಟೇಪ್. ಸಮುದ್ರದ ಹತ್ತಿರ ಇರೋರು ಸ್ಟೇನ್‌ಲೆಸ್ ಸ್ಕ್ರೂ ಮಾತ್ರ ಬಳಸಿ, ಉಪ್ಪುಗಾಳಿಗೆ ಬೇರೆ ಮೊಳೆ ನಿಲ್ಲೂದಿಲ್ಲ.

ಬೋರ್ಡ್ ಹೊಡೆಯೋದು ಸುಲಭ, ನಾಜೂಕು ಇರೋದು ಗೋಡೆ ತಲೆ ಮೇಲೆ. ಪಕಾಸು ಗೋಡೆ ದಾಟಿ ಸೂರಿಗೆ ಹೋಗೋ ಜಾಗ ನೋಡಿ, ಎರಡು ಪಕಾಸಿನ ಮಧ್ಯೆ ಗೋಡೆಗೂ ಹಂಚಿಗೂ ನಡುವೆ ಗೇಣುದ್ದದ ಕಿಂಡಿ, ಮನೆ ಸುತ್ತ ಅಂಥಾ ಕಿಂಡಿ ಸಾಲಿಗೆ ಇರ್ತದೆ. ಬಹಳ ಕಡೆ ಬೋರ್ಡು ಗೋಡೆ ಹತ್ತಿರ ತಂದು ಅಲ್ಲಿಗೆ ನಿಲ್ಲಿಸಿ ಪಟ್ಟಿ ಹೊಡೆದು ಚಂದ ಮಾಡಿರ್ತಾರೆ, ಪಟ್ಟಿ ಹಿಂದೆ ಕೈ ಹೋಗ್ತದೆ! ಇನ್ನು ಕೆಲವರು ಆ ಕಿಂಡಿಗೇ ಸಿಮೆಂಟು ತುಂಬಿ ಬಿಡ್ತಾರೆ, ಆಗ ಮಾಡಿಗೆ ಗಾಳಿ ಬರೋ ದಾರಿಯೇ ಹೋಯ್ತು. ಕಿಂಡಿ ತೆರೆದೇ ಇರ್ಬೇಕು, ಅದಕ್ಕೆ ಇಲಿ, ಬಾವಲಿ ಬರದ ಹಾಗೆ ಸ್ಟೀಲ್ ಜಾಳಿಗೆ ಹೊಡೀರಿ. ಮುಚ್ಚಬೇಕಾದ್ದು ಬೋರ್ಡಿನ ಕೆಳ ಅಂಚು ಮತ್ತೆ ಗೋಡೆ ಒಳಮುಖದ ಜೋಡಣೆ. ಬೋರ್ಡನ್ನ ಕಿಂಡಿಯ ಕೆಳಗೆ, ಗೋಡೆ ಒಳಮೈಗೆ ತಾಗೋ ಹಾಗೆ ಇಳಿಸಿ ಕತ್ತರಿಸಿ. ಜಾರಿ ಬಂದ ನೀರು ಆ ಅಂಚಿಗೆ ಬಂದು ನಿಲ್ಬಾರ್ದು, ಅದಕ್ಕೆ ಅಲ್ಲಿಂದ ಗೋಡೆ ತಲೆ ಮೇಲೆ ಹೊರಗೆ ದಾಟೋ ಹಾಗೆ ಒಂದು ಅಲ್ಯುಮಿನಿಯಂ ತಗಡು ಮಡಚಿ ಕೂರಿಸಿ. ಚಿರೇಕಲ್ಲಿಗೆ ಟೇಪ್ ಹಿಡಿಯೂದಿಲ್ಲ, ಅದರ ಮೈಯೆಲ್ಲ ತೂತು, ಗಾಳಿ ಕಲ್ಲಿನ ಒಳಗಿಂದಲೇ ಬರ್ತದೆ. ಮೊದಲು ಮೇಲಿನ ಒಂದಡಿ ಗಾರೆ ಮಾಡಿ, ಅದು ಪೂರ್ತಿ ಒಣಗ್ಲಿ, ಪ್ರೈಮರ್ ಹೊಡೀರಿ, ಆಮೇಲೆ ಸಂದಿಗೆ ಸೀಲೆಂಟ್ ತುಂಬಿ ಮೇಲೆ ಟೇಪ್. ಫೋಮ್ ಸ್ಪ್ರೇ ಒಂದನ್ನೇ ನಂಬ್ಬೇಡಿ, ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ತದೆ, ಎರಡು ವರ್ಷದಲ್ಲಿ ಫೋಮ್ ಬಿಟ್ಕೊಳ್ತದೆ. ಅಡ್ಡ ತೊಲೆ ಗೋಡೆಯಿಂದ ಹೊರಬಂದು ಬೋರ್ಡ್ ತೂರಿ ಹೋಗೋ ಜಾಗಗಳನ್ನ ಒಂದೊಂದಾಗಿ ಕೂತು ಮುಚ್ಬೇಕು, ಹಳೆ ತೊಲೆಯಲ್ಲಿ ಉದ್ದಕ್ಕೆ ಬಿರುಕು ಇರ್ತದೆ, ಆ ಬಿರುಕಿನಿಂದಲೂ ಗಾಳಿ ಬರ್ತದೆ, ಅದಕ್ಕೂ ಸೀಲೆಂಟ್ ತುಂಬಿ. ಈ ಕೆಲಸ ಮಾಡೋ ಬಡಗಿಗೆ ಒಂದು ದಿನದ ಕೂಲಿ ಹೆಚ್ಚು ಕೊಟ್ರೂ ಪರವಾಗಿಲ್ಲ.

ಮುಚ್ಚಿದ್ದು ಸರಿ ಆಯ್ತಾ ಅಂತ ನೋಡೋದು ಹೇಗೆ ಅಂತ ಒಬ್ಬ ಅಣ್ಣ ಕೇಳಿದ್ರು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್, ಅಂದ್ರೆ ಬಹಳ ಕಮ್ಮಿ ಶಕ್ತಿ ಬಳಸೋ ಮನೆ, ಕಟ್ಟಿದ್ರು, ಆ ಪದ್ಧತಿಯಲ್ಲಿ ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡದಲ್ಲಿ ಅಳೀತಾರೆ, ಗಂಟೆಗೆ ಮನೆ ಗಾಳಿಯ 0.6 ಪಟ್ಟಿಗಿಂತ ಹೆಚ್ಚು ಸೋರ್ಬಾರ್ದು ಅಂತ ಅವರ ನಿಯಮ. ನಮಗೆ ಅಷ್ಟು ಬೇಡ. ಕಿಟಕಿ ಬಾಗಿಲು ಹಾಕಿ, ಅಟ್ಯಾಚ್ ಬಾತ್‌ರೂಮಿನ ಬಾಗಿಲು ತೆಗೆದು ಅದರ ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ಊದುಬತ್ತಿ ಹಚ್ಕೊಂಡು ಏಣಿ ಹತ್ತಿ ಪ್ರತಿ ಜೋಡಣೆ ಹತ್ತಿರ ಹಿಡೀರಿ. ಹೊಗೆ ನೆಟ್ಟಗೆ ಏರಿದ್ರೆ ಸರಿ, ರೂಮಿನ ಕಡೆ ಬಾಗಿದ್ರೆ ಅಲ್ಲಿ ಸಂದಿ ಇದೆ, ಪೆನ್ಸಿಲ್ ಗುರುತು ಹಾಕ್ತಾ ಹೋಗಿ. ಇದನ್ನ ಒಳಗಿನ ಅಂದದ ಸೀಲಿಂಗ್ ಹೊಡೆಯೋಕ್ಕಿಂತ ಮೊದಲೇ ಮಾಡ್ಬೇಕು, ಆಮೇಲೆ ಗೊತ್ತಾದ್ರೆ ಮಾಡ್ಲಿಕ್ಕೆ ಏನೂ ಇಲ್ಲ.

ದಪ್ಪ ಎಷ್ಟು? ನಮ್ಮ ದೇಶದಲ್ಲಿ ವಾಸದ ಮನೆಗೆ 2018ರಲ್ಲಿ ಇಕೋ ನಿವಾಸ್ ಸಂಹಿತಾ ಅಂತ ಶಕ್ತಿ ಉಳಿತಾಯದ ನಿಯಮಾವಳಿ ಬಂತು, ಅದರಲ್ಲಿ ಮಾಡಿನ ಯು ವ್ಯಾಲ್ಯೂ 1.2 ದಾಟ್ಬಾರ್ದು ಅಂತಿದೆ, ಯು ವ್ಯಾಲ್ಯೂ ಕಮ್ಮಿ ಇದ್ದಷ್ಟೂ ಶಾಖ ಕಮ್ಮಿ ದಾಟ್ತದೆ. ಒಂದಿಂಚು ಒಳ್ಳೆ ಥರ್ಮಾಕೋಲ್ ಇದ್ರೇ 1.1ರ ಹತ್ತಿರ ಬರ್ತದೆ, ಎರಡಿಂಚಿಗೆ 0.6. ನಮ್ಮ ಹವೆಗೆ ಎರಡಿಂಚು ಧಾರಾಳ ಆಯ್ತು. ಬರೀ ಥರ್ಮಾಕೋಲ್ ಹಾಕ್ಬಹುದಾ ಅಂದ್ರೆ, ಅಗ್ಗ ಹೌದು, ಆದ್ರೆ ಇಲಿ, ಇರುವೆ ಅದರಲ್ಲಿ ಮನೆ ಮಾಡ್ತವೆ, ಬೆಂಕಿ ಬೇಗ ಹಿಡೀತದೆ, ಮತ್ತೆ ವೈರಿನ ಮೇಲಿನ ಪಿವಿಸಿ ಅದಕ್ಕೆ ತಾಗಿಕೊಂಡಿದ್ರೆ ವರ್ಷ ಕಳೆದ ಹಾಗೆ ಸೆಡೆತು ಬಿರೀತದೆ. ಯಾವ ಫೋಮೇ ಆಗ್ಲಿ, ಬೆಂಕಿಗೆ ಹೆದರ್ಬೇಕು, ರೂಮಿನ ಕಡೆ ಜಿಪ್ಸಮ್ ಬೋರ್ಡ್ ಮುಚ್ಚಿ. ವೈರೆಲ್ಲ ಪೈಪಿನಲ್ಲಿ, ಬೋರ್ಡಿಗೂ ಜಿಪ್ಸಮ್ಮಿಗೂ ಮಧ್ಯೆ ಒಂದೂವರೆ ಇಂಚು ಪಟ್ಟಿ ಕೊಟ್ಟು ಅಲ್ಲೇ ಓಡಿಸಿ, ಬಟನ್ ಲೈಟೂ ಆ ಜಾಗದಲ್ಲೇ ಕೂರೋ ತೆಳುವಾದದ್ದು ತಗೊಳ್ಳಿ. ಫಾಯಿಲ್ ಪದರಕ್ಕೆ ಒಂದೂ ತೂತು ಬೀಳ್ಬಾರ್ದು. ಬೆಂಕಿ ಭಯ ಇಲ್ಲದ್ದು ರಾಕ್‌ವೂಲ್, ಕಲ್ಲು ಕರಗಿಸಿ ಎಳೆದ ಉಣ್ಣೆ, ಅದು ಉರಿಯೂದಿಲ್ಲ, ಆದ್ರೆ ಗಾಳಿ ತೇವ ಎರಡೂ ಅದರೊಳಗೆ ದಾಟ್ತದೆ, ಅದನ್ನ ಬಳಸೋದಾದ್ರೆ ಮೇಲ್ಗಡೆ, ಅಂದ್ರೆ ಹಂಚಿನ ಕಡೆ, ಸೀಲ್ ಮಾಡಿದ ಫಾಯಿಲ್ ಪದರ ಇರ್ಲೇಬೇಕು.

ತಗಡಿನ ಮಾಡಿನ ಬಗ್ಗೆ ಒಬ್ಬ ಅಕ್ಕ ಕೇಳಿದ್ರು, ಡಿಸೆಂಬರ್ ಬೆಳಗಿನ ಜಾವ ಮಳೆ ಇಲ್ಲದೇ ತಗಡಿನಿಂದ ಹನಿ ಬೀಳ್ತದೆ, ಅಟ್ಟದ ಮೇಲಿನ ಅಡಿಕೆ ಒದ್ದೆ ಆಗ್ತದೆ ಅಂತ. ಹೌದು, ಮೋಡ ಇಲ್ಲದ ರಾತ್ರಿ ತಗಡು ಆಕಾಶಕ್ಕೆ ಶಾಖ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗ್ತದೆ, ಅದರ ಅಡಿ ಇಬ್ಬನಿ ಕಟ್ತದೆ. ಮಣ್ಣಿನ ಹಂಚು ಆ ತೇವ ಸ್ವಲ್ಪ ಹೀರ್ಕೊಂಡು ಬಿಸಿಲು ಬಂದ ಮೇಲೆ ಬಿಡ್ತದೆ, ತಗಡು ಹೀರೂದಿಲ್ಲ. ಅಲ್ಲಿಗೂ ಇದೇ ಬೋರ್ಡು ಇಳಿಜಾರಿಗೆ ಹೊಡೀರಿ, ಹನಿ ಬೋರ್ಡಿನ ಮೇಲೆ ಜಾರಿ ಸೂರಿಗೆ ಹೋಗ್ತದೆ. ಸ್ಲ್ಯಾಬ್ ಸೋರ್ತದೆ ಅಂತ ಮೇಲೆ ಟ್ರಸ್ ಹಾಕಿ ತಗಡು ಹೊದಿಸಿರೋರಿಗೆ ಇದ್ಯಾವುದೂ ಬೇಡ, ಸುತ್ತ ತೆರೆದಿದ್ರೆ ಅದೇ ಒಳ್ಳೆ ನೆರಳು, ಸ್ಲ್ಯಾಬೇ ಗಾಳಿ ತಡೀತದೆ.

ಒಂದು ಮಾತು ಎಲ್ಲರೂ ಗಟ್ಟಿ ನೆನಪಿಟ್ಕೊಳ್ಳಿ. ಹೀಗೆ ಮುಚ್ಚಿದ ರೂಮಿಗೆ ಅಂಟಿಕೊಂಡ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಡ್ಲೇಬೇಡಿ. ಹಳೆ ಮಾಡಿನ ಸಂದಿಯಲ್ಲಿ ಹೊರಗೆ ಹೋಗ್ತಿದ್ದ ಕಾರ್ಬನ್ ಮಾನಾಕ್ಸೈಡ್ ಈಗ ಹೋಗ್ಲಿಕ್ಕೆ ದಾರಿ ಇಲ್ಲ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ಹೋಗ್ತದೆ. ಇದ್ದಿಲು ಅಗ್ಗಿಷ್ಟಿಕೆಯೂ ಬೇಡ, ಬಾಣಂತಿ ರೂಮಿದ್ರೆ ಮನೆಯಲ್ಲಿ ಹಿರಿಯರಿಗೆ ಇದನ್ನ ಕೂತು ತಿಳಿಸಿ ಹೇಳಿ. ರಾತ್ರಿ ಇಬ್ರು ಮೂವರು ಮಲಗೋ ರೂಮಾದ್ರೆ ಬಾತ್‌ರೂಮಿನ ಎಕ್ಸಾಸ್ಟ್ ಸಣ್ಣಗೆ ಓಡ್ಲಿ, ಒಂದು ಕಿಟಕಿಗೆ ಬೇಕಾದಷ್ಟೇ ತೆಗೆಯೋ ಸಣ್ಣ ಕಿಂಡಿ ಇರ್ಲಿ. ತಾಜಾ ಗಾಳಿ ಬೇಕೇ ಬೇಕು, ಅದು ನಾವು ಬಿಟ್ಟ ಕಡೆಯಿಂದ, ಬಿಟ್ಟಷ್ಟೇ ಬರ್ಬೇಕು.

ಕೆಲಸ ಯಾವಾಗ ಮಾಡ್ಸೋದು ಅಂತ ಕೊನೆಗೆ ಕೇಳಿದ್ರಿ. ಶಿವರಾತ್ರಿ ಕಳೆದ ಮೇಲೆ, ಯುಗಾದಿ ಆಸುಪಾಸು, ಮರ ಚೆನ್ನಾಗಿ ಒಣಗಿರ್ತದೆ. ಮೊದಲು ಒಬ್ಬ ಬಡಗಿ ಪ್ರತಿ ಪಕಾಸು ಸುತ್ತಿಗೆಯಿಂದ ತಟ್ಟಿ ನೋಡ್ಲಿ, ಟೊಳ್ಳು ಶಬ್ದ ಬಂದದ್ದು, ಒರಲೆ ಹಿಡಿದದ್ದು ಬದಲಾಯಿಸಿ, ಒಡೆದ ಹಂಚು ಬದಲಾಯಿಸಿ, ಮರಕ್ಕೆ ಒರಲೆ ಔಷಧಿ ಹೊಡೆದು ವಾಸನೆ ಹೋಗೋ ತನಕ ಬಿಡಿ. ಜೂನ್ ಬಂತು, ಮಳೆ ಹಿಡೀತು ಅಂದ್ರೆ ಮುಂದಿನ ವರ್ಷಕ್ಕೆ ಹಾಕಿ, ಒದ್ದೆ ಮರದ ಅಡಿ ಬೋರ್ಡ್ ಹೊಡೆಯೋ ಅವಸರ ಬೇಡ. ಸೂರಿನ ಹತ್ತಿರ ಒಂದು, ತುದಿ ಹತ್ತಿರ ಒಂದು ಬೋರ್ಡ್ ತುಂಡು ಸ್ಕ್ರೂ ಬಿಚ್ಚಿ ತೆಗೆಯೋ ಹಾಗೆ ಇಟ್ಕೊಳ್ಳಿ, ಮೊದಲ ಮಳೆಗಾಲದಲ್ಲಿ ಆಗಸ್ಟ್ ಹೊತ್ತಿಗೆ ಅದನ್ನ ಬಿಚ್ಚಿ ಟಾರ್ಚ್ ಹಾಕಿ ಪಕಾಸಿಗೆ ಕೈ ಹಚ್ಚಿ ನೋಡಿ. ಬೂಷ್ಟು ಕಂಡ್ರೆ ಮೇಲೆ ಗಾಳಿ ಓಡಾಟ ಸಾಲ್ತಿಲ್ಲ ಅಂತ, ಸೂರಿನ ಜಾಳಿಗೆಗೆ ಕಸ ಕಟ್ಟಿದೆಯಾ ಮೊದಲು ನೋಡಿ, ಇಲ್ಲ ಅಂದ್ರೆ ತುದಿಯ ಹಂಚಿನ ಅಡಿ ಇನ್ನೂ ಸ್ವಲ್ಪ ಜಾಗ ಬಿಡಿಸಿ. ಜೋಡಣೆ ಬಿಟ್ಟಲ್ಲಿ ಟೇಪ್ ಮತ್ತೆ ಹಚ್ಚಿ ತುಂಡು ವಾಪಸ್ ಕೂರಿಸಿ.